ಹೋಗದ ಕರೆ

ಸಿನಿಮಾ ನೋಡಿ ಬಂದ ದಿನದಿಂದ ಕರೆಯಕ್ಕನಿಗೆ ತೀರಿಹೋದ ತಂಗಿಯ ದನಿ ಕೇಳಿಸದಾಯಿತು. ತಂಗಿ ಕಣ್ಮುಚ್ಚಿದ ದಿನವೇ ಹೀಗಾಗಿದ್ದರೆ ಅದು ಲೋಕದ ನಿಯಮವೆಂದು ಒಪ್ಪಿಕೊಳ್ಳಬಹುದಿತ್ತು. ಆದರೆ ಅವಳು ಹೋಗಿ ವರ್ಷಗಳು ಉರುಳಿದ ಮೇಲೂ, ಒಂದು ಹಳೆಯ ಕಾದಂಬರಿಯನ್ನು ಬಿಡಿಸಿದಾಗಲೆಲ್ಲ ಆ ದನಿ ತಪ್ಪದೆ ಬಂದು ಸಾಲು ಸಾಲನ್ನೂ ಓದಿ ಹೇಳುತ್ತಿತ್ತು. ಈಗಲೂ ಅದೇ ಪುಟ, ಅದೇ ಸಾಲು. ಓದುತ್ತಿದ್ದವಳು ಮಾತ್ರ ಬೇರೆ ಯಾರೋ.

ಕರೆಯಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕೆಲಸ ಇಟ್ಟ ಹೆಸರು. ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿಯಲ್ಲಿ, ಯಂತ್ರಕ್ಕೆ ಹಾಕುವ ಮುನ್ನ ಬಟ್ಟೆಯ ಕರೆ ತೆಗೆಯುವುದು ಅವಳ ಪಾಲಿನ ಕೆಲಸ. ಉತ್ತರದ ಕಿಟಕಿಯ ಕೆಳಗೆ ಅವಳ ಕಲ್ಲುಮೇಜು. ಅದರ ಮೇಲೆ ಸಣ್ಣ ಬಾಟಲಿಗಳು, ಹಲ್ಲುಜ್ಜುವ ಹಳೆಯ ಬ್ರಷ್ಷುಗಳು, ಒಂದು ಬಟ್ಟಲು ಮಂಜುಗಡ್ಡೆ. ಚಹದ ಕರೆ, ತುಕ್ಕಿನ ಕರೆ, ಶಾಯಿಯ ಕರೆ, ಪ್ರತಿಯೊಂದಕ್ಕೂ ಅದರದೇ ಮದ್ದು. ಅಂಚಿನಿಂದ ನಡುವಿಗೆ ಉಜ್ಜಬೇಕು. ನಡುವಿನಿಂದ ಅಂಚಿಗೆ ಉಜ್ಜಿದರೆ ಕರೆ ಸಂಸಾರ ಬೆಳೆಸುತ್ತದೆ. ರಕ್ತಕ್ಕೆ ಬಿಸಿನೀರು ತಾಗಿಸಿದರೆ ಅದು ಬಟ್ಟೆಯನ್ನೇ ತವರುಮನೆ ಮಾಡಿಕೊಳ್ಳುತ್ತದೆ. ಹೊಸಬರಿಗೆ ಇದನ್ನೆಲ್ಲ ಹೇಳುವಾಗ ಅವಳು ನಗುತ್ತಿರಲಿಲ್ಲ. ನಗುವ ಕೆಲಸವನ್ನು ಇಸ್ತ್ರಿಮೇಜಿನ ಹೆಂಗಸು ವಹಿಸಿಕೊಂಡಿದ್ದಳು. ಬಾಯಿಗೆ ಬೀಗವಿಲ್ಲದ ಕಾರಣ ಆಕೆಗೆ ಗಿಣಿ ಎಂದೇ ಹೆಸರು.

ತಂಗಿ ಓದಿದವಳು. ಮನೆಯಲ್ಲಿ ಇಬ್ಬರನ್ನೂ ಓದಿಸುವ ಶಕ್ತಿ ಇರಲಿಲ್ಲವಾದ್ದರಿಂದ ಹಿರಿಯಳು ದುಡಿಮೆಗೆ ಹೋದಳು, ಕಿರಿಯಳು ಶಾಲೆಗೆ ಹೋದಳು. ಅದರಲ್ಲಿ ಯಾರಿಗೂ ಯಾರ ಮೇಲೂ ಮುನಿಸಿರಲಿಲ್ಲ. ಆಮೇಲೆ ತಂಗಿಗೆ ಎದೆಯ ಕಾಯಿಲೆ ಬಂತು. ಮೊದಲು ಮೆಟ್ಟಿಲು ಹತ್ತುವುದು ನಿಂತಿತು, ಮತ್ತೆ ಬೀದಿ ನಿಂತಿತು, ಕೊನೆಗೆ ಉಳಿದದ್ದು ಮಂಚ, ಕಿಟಕಿ ಮತ್ತು ಪುಸ್ತಕ. ಸಂಜೆ ಅಕ್ಕ ಕೆಲಸ ಮುಗಿಸಿ ಬಂದು, ಕೈಯಿಂದ ಕರೆ ತೆಗೆಯುವ ಮದ್ದಿನ ವಾಸನೆ ಹೋಗುವವರೆಗೆ ತೊಳೆದು ಕುಳಿತರೆ, ತಂಗಿ ಓದುವಳು. ಅಕ್ಕನಿಗೆ ಅಕ್ಷರ ಗೊತ್ತಿತ್ತು. ಆದರೆ ಒತ್ತಕ್ಷರ ಎದುರಾದರೆ ಎತ್ತು ಹಳ್ಳ ಕಂಡಂತೆ ನಿಂತುಬಿಡುತ್ತಿದ್ದಳು.

ಅವರು ಓದಿದ ಪುಸ್ತಕಗಳು ಹಲವು; ಮತ್ತೆ ಮತ್ತೆ ಓದಿದ್ದು ಒಂದೇ. ತನ್ನದಲ್ಲದ ದೊಡ್ಡ ಮನೆಯೊಂದರಲ್ಲಿ ಒಬ್ಬಳೇ ಬದುಕಿ, ಒಬ್ಬಳೇ ತೀರಿಕೊಳ್ಳುವ ಹೆಂಗಸೊಬ್ಬಳ ಕಥೆ ಅದು. ಬರೆದವರು ಆ ಮನೆಯನ್ನು ಅರ್ಧಂಬರ್ಧ ಹೇಳಿ ಬಿಟ್ಟಿದ್ದರು. ಉಳಿದರ್ಧವನ್ನು ಕಟ್ಟುವುದು ಅಕ್ಕತಂಗಿಯರ ಹವ್ಯಾಸವಾಯಿತು.

"ಮೆಟ್ಟಿಲು ಎಡಗಡೆ ಇರ್ಬೇಕು," ಎನ್ನುವಳು ತಂಗಿ.

"ಎಡಗಡೆ ಅಡುಗೆಮನೆ ಇಟ್ಟಿದ್ದೀಯಲ್ಲ ಮಹಾರಾಯ್ತಿ, ಒಲೆ ಮೇಲೆ ಹತ್ತಿ ಹೋಗ್ತಾಳಾ ಅವಳು?"

"ಹಾಗಾದ್ರೆ ಅಡುಗೆಮನೇನ ಹಿಂದಕ್ಕೆ ತಳ್ಳು. ದುಡ್ಡು ನಿನ್ನದಾ, ನನ್ನದಾ?"

ಹೀಗೆ ಒಂದು ಬಿಡಿಗಾಸಿಲ್ಲದೆ ಅವರು ಆ ಮನೆಗೆ ಬಾಗಿಲು ಇಟ್ಟರು, ಕಿಟಕಿ ಇಟ್ಟರು, ಅಟ್ಟ ಕಟ್ಟಿ ಮತ್ತೆ ಕೆಡವಿದರು. ಕಾದಂಬರಿಯ ಕೊನೆಯ ಸಾಲು ಹೀಗಿತ್ತು: "ಅವಳ ಕರೆ ಆ ಮನೆಯಿಂದ ಕೊನೆಗೂ ಹೋಗಲಿಲ್ಲ." ಆ ಕರೆ ಎಲ್ಲಿತ್ತೆಂಬುದನ್ನು ಗೊತ್ತುಮಾಡಿದವಳು ಅಕ್ಕ. ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ, ಹೆಗಲಿನ ಎತ್ತರಕ್ಕೆ, ಅಂಗೈಯಗಲ, ಕಂದು ಬಣ್ಣ. ಏರುವಾಗ ಇಳಿಯುವಾಗ ಆ ಹೆಂಗಸು ಕೈಯೂರಿ ಊರಿ ಆದದ್ದು. ಎಣ್ಣೆ ಮತ್ತು ಬೆವರು ಸುಣ್ಣದೊಳಗೆ ಇಳಿದರೆ ಯಾವ ಮದ್ದಿಗೂ ಬಗ್ಗುವುದಿಲ್ಲ. ತಂಗಿ ಎಲ್ಲವನ್ನೂ ಕೇಳಿಸಿಕೊಂಡು, "ಇರಲಿ ಬಿಡು, ಅಲ್ಲೇ ಇರಲಿ," ಎಂದಿದ್ದಳು.

ತಂಗಿ ಹೋದ ಮೇಲೆ ಕರೆಯಕ್ಕ ಸಂಜೆಶಾಲೆಗೆ ಸೇರಿದಳು. ತಲೆ ನರೆತವಳು ಪುಟ್ಟ ಬೆಂಚಿನ ಮೇಲೆ ಕುಳಿತು ಒತ್ತಕ್ಷರ ತಿದ್ದುವುದನ್ನು ಕಂಡು ನಕ್ಕವರಿದ್ದರು. ಅವಳು ತಲೆಯೆತ್ತಿ ನೋಡಲಿಲ್ಲ. ಓದು ಕೈಗೆ ಬಂದ ದಿನ ಆ ಕಾದಂಬರಿಯನ್ನು ತೆರೆದಳು. ಮೊದಲ ಸಾಲಿಗೇ ತಂಗಿಯ ದನಿ ಬಂತು. ಬೆದರಲಿಲ್ಲ, ಕಾಯುತ್ತಿದ್ದ ನೆಂಟರಿಗೆ ಬಾಗಿಲು ತೆರೆದಂತೆ ಸುಮ್ಮನೆ ಸರಿದು ಕುಳಿತಳು. ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ, ಅವಳು ಕಣ್ಣು ಹಾಯಿಸುವಳು, ತಂಗಿ ಓದುವಳು. ಮೊಣಕಾಲು ಸೋತಿತು, ಕನ್ನಡಕ ದಪ್ಪವಾಯಿತು, ಲಾಂಡ್ರಿಯ ಯಂತ್ರಗಳು ಎರಡು ಸಲ ಬದಲಾದವು. ಆ ದನಿಗೆ ಮಾತ್ರ ವಯಸ್ಸಾಗಲಿಲ್ಲ.

ಆ ಕಾದಂಬರಿ ಸಿನಿಮಾ ಆಗಿದೆ ಎಂಬ ಸುದ್ದಿ ತಂದವಳು ಗಿಣಿ. ಅವಳಿಗೆ ಸಿನಿಮಾ ಎಂದರೆ ಪ್ರಾಣ.

"ಏನಕ್ಕ, ನಿನ್ನ ಪುಸ್ತಕ ತೆರೆ ಮೇಲೆ ಬಂದಿದೆ! ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋಗೋಣ."

"ನಾನು ಓದಿದ್ದೀನಿ. ನೋಡೋದು ಬೇಕಿಲ್ಲ."

"ಬರೀ ಓದಿದ್ರೆ ಆಯ್ತಾ? ಊಟ ಬಿಟ್ಟು ಅಡುಗೆ ಪುಸ್ತಕ ತಿಂದ ಹಾಗಾಯ್ತು. ಬಾ ಅಂದ್ರೆ ಬಾ."

ಕರೆಯಕ್ಕ ಹೋಗಬಾರದಿತ್ತು. ಆದರೆ ಮನೆಯನ್ನು ಕಟ್ಟಿದವರಿಗೆ, ಅದೇ ಜಾಗದಲ್ಲಿ ಬೇರೊಬ್ಬರು ಕಟ್ಟಿದ್ದನ್ನು ಒಮ್ಮೆ ಇಣುಕಿ ನೋಡುವ ಚಪಲ ಇದ್ದೇ ಇರುತ್ತದೆ. ಹೋದಳು. ದೀಪ ಆರಿತು. ತೆರೆಯ ಮೇಲಿನ ಮನೆಯಲ್ಲಿ ಮೆಟ್ಟಿಲು ಬಲಗಡೆ ಇತ್ತು. ಇದ್ದರಿರಲಿ ಎಂದುಕೊಂಡಳು. ನಟಿ ಚೆನ್ನಾಗಿಯೇ ಮಾಡಿದ್ದಳು. ಆ ಹೆಂಗಸಿನ ಬಿಂಕ, ಆ ಒಂಟಿತನ, ಎಲ್ಲವೂ ಇತ್ತು. ಕರೆಯಕ್ಕನ ಕಣ್ಣು ಮಾತ್ರ ಉದ್ದಕ್ಕೂ ಗೋಡೆಯ ಮೇಲೆಯೇ. ಕರೆ ಇನ್ನೂ ಮೂಡಿರಲಿಲ್ಲ. ಕೊನೆಯಲ್ಲಿ ತೋರಿಸುತ್ತಾರೆ ಎಂದು ಕಾದಳು.

ಕೊನೆಯಲ್ಲಿ ಹೆಂಗಸು ಸತ್ತು, ಮನೆ ಖಾಲಿಯಾಯಿತು. ಕ್ಯಾಮೆರಾ ಬರಿಯ ಕೋಣೆಗಳನ್ನು ದಾಟಿ ಮೆಟ್ಟಿಲೇರಿತು. ಗೋಡೆ ಬೆಳ್ಳಗೆ, ಸ್ವಚ್ಛವಾಗಿತ್ತು. ಆಗ, ಯಾರೂ ಇಲ್ಲದ ಆ ಮನೆಯೊಳಗಿಂದ ಸತ್ತವಳ ದನಿ ಕೂಗಿತು: "ಯಾರಾದರೂ ಇದ್ದೀರಾ?" ಉತ್ತರವಿಲ್ಲ. ಮತ್ತೆ, ಇನ್ನಷ್ಟು ಮೆಲ್ಲಗೆ: "ಯಾರಾದರೂ ಇದ್ದೀರಾ?" ಸಿನಿಮಾ ಮುಗಿಯಿತು.

ಕರೆಯಕ್ಕ ಎದ್ದೇಳಲಿಲ್ಲ. ಕರೆ ಎಂದರೆ ಕೂಗು. ಇಡೀ ಸಭಾಂಗಣ ಅದನ್ನು ಹಾಗೆಯೇ ತಿಳಿದು, ಮೂಗು ಒರೆಸಿಕೊಳ್ಳುತ್ತ ಹೊರಗೆ ಹೋಗುತ್ತಿತ್ತು. ಇಷ್ಟು ವರ್ಷ ಅದನ್ನು ಗೋಡೆಗೆ ಅಂಟಿಸಿಕೊಂಡು ಕುಳಿತವಳು ಲೋಕದಲ್ಲಿ ತಾನೊಬ್ಬಳೇ ಇದ್ದಿರಬೇಕು.

ಹೊರಗೆ ಬಂದಾಗ ಗಿಣಿಗೆ ಹೇಳಿದಳು. ಗಿಣಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಕ್ಕ! ದರ್ಜಿಗೆ ಎಲ್ಲೆಲ್ಲೂ ಹರಿದದ್ದೇ ಕಾಣುತ್ತಂತೆ, ನಿನಗೆ ಕರೆಯೇ ಕಾಣುತ್ತೆ. ನನ್ನ ಮಗಳನ್ನ ಕೇಳಿದ್ರೆ, ಕರೆ ಹೋಗಲಿಲ್ಲ ಅಂದ್ರೆ ಫೋನಿಗೆ ಸಿಗ್ನಲ್ ಇರಲಿಲ್ಲ ಅಂತಾಳೆ!"

ಕರೆಯಕ್ಕನೂ ನಕ್ಕಳು. ಮನೆಗೆ ಬಂದು ಪುಸ್ತಕ ತೆರೆದಳು. ಓದಿದ್ದು ನಟಿ. ಮುಚ್ಚಿ, ಮುಖ ತೊಳೆದು, ಮತ್ತೆ ತೆರೆದಳು. ನಟಿಯೇ. ಅಷ್ಟಕ್ಕೇ ನಿಂತಿದ್ದರೆ ಪುಸ್ತಕವೊಂದು ಕೈಬಿಟ್ಟಿತೆಂದು ಸಹಿಸಬಹುದಿತ್ತು. ಮರುದಿನ ಕಲ್ಲುಮೇಜಿನ ಮುಂದೆ ನಿಂತು ತಂಗಿಯ ಬೇರೆ ಮಾತುಗಳನ್ನು ನೆನೆದಳು. "ಅಕ್ಕಾ, ಒಂಚೂರು ನೀರು" ಎಂದದ್ದನ್ನು, "ಕಿಟಕಿ ತೆಗಿ, ಬೀದಿ ನೋಡ್ತೀನಿ" ಎಂದದ್ದನ್ನು. ಅವೂ ನಟಿಯ ದನಿಯಲ್ಲೇ ಬಂದವು. ಪಳಗಿದ, ಇಂಪಾದ, ದುಡ್ಡು ಕೊಟ್ಟು ಕೇಳುವಂಥ ದನಿಯಲ್ಲಿ ತಂಗಿ ನೀರು ಕೇಳಿದಳು. ಕೈಯಲ್ಲಿದ್ದ ಆಸ್ಪತ್ರೆಯ ಹೊದಿಕೆಯನ್ನು ಎಲ್ಲಿ ಅದ್ದುತ್ತಿದ್ದೇನೆಂದು ಕರೆಯಕ್ಕ ನೋಡಿಕೊಳ್ಳಲಿಲ್ಲ. ಬಿಸಿನೀರಿನ ತೊಟ್ಟಿಯಿಂದ ಎತ್ತಿದಾಗ ರಕ್ತ ನೂಲಿನೊಳಗೆ ಕಂದಾಗಿ ಕೂತುಬಿಟ್ಟಿತ್ತು. ಮೇಲ್ವಿಚಾರಕ ಅದನ್ನು ಹಾಳಾದ ಬಟ್ಟೆಯ ರಾಶಿಗೆ ಹಾಕಿದ. ಬೈದಿದ್ದರೆ ವಾಸಿಯಿತ್ತು.

ದನಿಗಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಇನ್ನೊಂದು ಯೋಚನೆ. ತಂಗಿ ಓದಿದವಳು. ಆ ಸಾಲಿನಲ್ಲಿ ಕರೆ ಎಂದರೆ ಏನೆಂದು ಅವಳಿಗೆ ತಿಳಿಯದೆ ಇತ್ತೇ? ತಿಳಿದೂ, ಲಾಂಡ್ರಿಯ ಅಕ್ಕ ಗೋಡೆಗೆ ಕರೆ ಮೆತ್ತುವಾಗ "ಇರಲಿ ಬಿಡು" ಎಂದಳೇ? ಹಾಗಾದರೆ ಒಂದೇ ಮನೆಯೆಂದು ಇಬ್ಬರೂ ಸೇರಿ ಕಟ್ಟಿದ್ದು ಎರಡು ಮನೆ. ತಂಗಿಯ ಮನೆಯಲ್ಲಿ ಯಾರೋ ಕೂಗುತ್ತಿದ್ದರು; ಆ ಮನೆಯೊಳಗೆ ಅಕ್ಕ ಒಮ್ಮೆಯೂ ಕಾಲಿಟ್ಟಿರಲಿಲ್ಲ. ತಂಗಿ ಆ ಸಾಲನ್ನು ಹೇಗೆ ಓದುತ್ತಿದ್ದಳೆಂದು ನೆನಪಾದರೆ ಸಾಕು, ಯಾವ ಮನೆಯಲ್ಲಿದ್ದಳೆಂದು ತಿಳಿಯುತ್ತಿತ್ತು. ನೆನೆಯಹೋದರೆ ನಟಿ ಬಾಯಿ ತೆರೆಯುತ್ತಿದ್ದಳು.

ಕೊನೆಗೆ ಒಂದು ಉಪಾಯ ಹೂಡಿದಳು. ಕಿವಿಯನ್ನು ನೆಚ್ಚಿ ಫಲವಿಲ್ಲ. ಬಾಯನ್ನು ನೆಚ್ಚಿ ನೋಡಬೇಕು. ಇಷ್ಟು ವರ್ಷ ಅವಳು ಮನಸ್ಸಿನಲ್ಲೇ ಓದಿದ್ದಳು, ದನಿಯೆತ್ತಿ ಓದಿದವಳೇ ಅಲ್ಲ. ಗೋಡೆಗಳಿಗೆ ಓದಿ ಹೇಳಲು ನಾಚಿಕೆಯಾಯಿತು. ಊಟದ ಬಿಡುವಿನಲ್ಲಿ ಗಿಣಿಯನ್ನು ಒಗೆದ ಬಟ್ಟೆಯ ಗಂಟಿನ ಮೇಲೆ ಕೂರಿಸಿ ಪುಸ್ತಕ ತೆರೆದಳು.

"ಸಿನಿಮಾ ನೋಡಾಯ್ತಲ್ಲ, ಮತ್ತೆ ಇದ್ಯಾಕೆ?" ಎಂದಳು ಗಿಣಿ.

"ಬಾಯಿ ಮುಚ್ಕೊಂಡು ಕೇಳು. ಒಂದು ಸಲವಾದ್ರೂ."

ಗಿಣಿ ಅರ್ಧ ಪುಟದವರೆಗೆ ಸುಮ್ಮನಿದ್ದಳು. ಅದು ಅವಳ ಮಟ್ಟಿಗೆ ತಪಸ್ಸು. ಆಮೇಲೆ ತಡೆಯಲಾಗಲಿಲ್ಲ. "ಅಕ್ಕ, ಯಾಕೆ ಮಧ್ಯೆ ಮಧ್ಯೆ ಬ್ರೇಕ್ ಹಾಕ್ತೀಯ? ಸ್ಟಾಪಿಲ್ಲದ ಕಡೆ ಬಸ್ಸು ನಿಂತ ಹಾಗೆ?"

"ಎಲ್ಲಿ ನಿಲ್ಸಿದೆ?"

"ಇಗೋ, 'ಬಾಗಿಲಿನ' ಅಂದೆ, ನಿಂತೆ. ಆಮೇಲೆ 'ಹೊರಗೆ' ಅಂದೆ. ನಾನೇನು ಬಾಗಿಲಲ್ಲೇ ನಿಂತಿರ್ಲಾ?"

ಕರೆಯಕ್ಕ ಪುಟವನ್ನು ನೋಡಿದಳು. ಅಲ್ಲಿ ಯಾವ ಚಿಹ್ನೆಯೂ ಇರಲಿಲ್ಲ. ಮತ್ತೆ ಓದಿದಳು, ನಿಲ್ಲಬಾರದೆಂದೇ ಓದಿದಳು. ಅದೇ ಜಾಗದಲ್ಲಿ ಬಾಯಿ ತಾನಾಗಿ ನಿಂತಿತು. ಅವಳ ಎದೆ ಗಟ್ಟಿಯಾಗಿತ್ತು, ಹಸಿ ಬಟ್ಟೆಯ ಮೂಟೆ ಹೊತ್ತು ಏದುಸಿರು ಬಿಡದ ಎದೆ. ಅಲ್ಲಿ ಉಸಿರು ಸಾಲದೆ ನಿಲ್ಲುತ್ತಿದ್ದವಳು ಇವಳಲ್ಲ. ದನಿಯನ್ನು ನಟಿ ತೆಗೆದುಕೊಂಡು ಹೋಗಿದ್ದಳು. ತಂಗಿಯ ಉಸಿರುಗಟ್ಟುವಿಕೆಯನ್ನು ಯಾರೂ ಮುಟ್ಟಿರಲಿಲ್ಲ. ಅದು ಅಕ್ಕನ ಗಂಟಲೊಳಗೆ ಇಷ್ಟು ದಿನವೂ ಕುಳಿತಿತ್ತು.

ಆ ದಿನದಿಂದ ಬಿಡುವಿನ ಹೊತ್ತಿನಲ್ಲೆಲ್ಲ ಓದು ನಡೆಯಿತು. ಗಿಣಿ ಗೊಣಗುತ್ತಲೇ ಬಂದು ಕೂರುವಳು. ಕರೆಯಕ್ಕನಿಗೆ ಓದುವ ಆಸೆ ಎಷ್ಟೋ, ಮುಗಿಯುವ ಭಯವೂ ಅಷ್ಟೇ. ಬೇರೆಲ್ಲ ಸಾಲುಗಳಲ್ಲೂ ಬಾಯಿ ತಂಗಿಯ ಜಾಡು ಹಿಡಿದಿತ್ತು. ಕೊನೆಯ ಸಾಲಿನಲ್ಲೂ ಹಿಡಿದೇ ತೀರುತ್ತದೆ. ಆಗ ಯಾವ ಮನೆಯೆಂದು ತಿಳಿದುಹೋಗುತ್ತದೆ. ಮೋಡ ಕವಿದ ಒಂದು ಮಧ್ಯಾಹ್ನ ಕೊನೆಯ ಪುಟ ಬಂತು. ಸಾಲನ್ನು ಕಣ್ಣಿನಿಂದ ಮೊದಲೇ ಮುಟ್ಟದೆ, ಕತ್ತಲಲ್ಲಿ ಮೆಟ್ಟಿಲಿಳಿಯುವವರಂತೆ ಬಾಯನ್ನೇ ಮುಂದೆ ಬಿಟ್ಟು ಓದಿದಳು.

"ಅವಳ ಕರೆ ಆ ಮನೆಯಿಂದ ಕೊನೆಗೂ ಹೋಗಲಿಲ್ಲ."

ಎಲ್ಲಿಯೂ ನಿಲ್ಲಲಿಲ್ಲ. ಒಂದೇ ಉಸಿರಿನಲ್ಲಿ, ಸರಸರನೆ, ಯಾರೋ ಕಸಿದುಕೊಳ್ಳುವ ಮುನ್ನ ಹೇಳಿ ಮುಗಿಸುವ ಹಾಗೆ ಹೊರಬಂತು. ಮೂರು ಪದಕ್ಕೊಮ್ಮೆ ದಣಿಯುತ್ತಿದ್ದವಳು ಈ ಸಾಲಿಗಾಗಿ ಉಸಿರು ಕೂಡಿಟ್ಟುಕೊಳ್ಳುತ್ತಿದ್ದಳು. ಅದರ ಹಿಂದೆಯೇ, ಬಟ್ಟೆ ಹಿಂಡಿದಾಗ ಕೊನೆಗೆ ಇಳಿಯುವ ನೀರಿನಂತೆ, ಮರೆತೇಹೋಗಿದ್ದೊಂದು ನೆನಪು ಇಳಿಯಿತು. ಆ ಸಾಲು ಮುಗಿದೊಡನೆ ತಂಗಿ ಪುಸ್ತಕವನ್ನು ಎದೆಯ ಮೇಲೆ ಕವುಚಿಟ್ಟುಕೊಂಡು, ಅಕ್ಕನ ಕಡೆ ತಿರುಗಿ, ಪ್ರತಿ ಸಲವೂ ಒಂದು ಮಾತು ಕೇಳುತ್ತಿದ್ದಳು.

"ಏನು ಮಾಡಿದ್ರೂ ಹೋಗಲ್ವಾ ಅಕ್ಕ?"

ಕೆಲಸ ಬಲ್ಲ ಅಕ್ಕ, ಹೊಲಿಗೆಯಿಂದ ತಲೆಯೆತ್ತದೆ, ಪ್ರತಿ ಸಲವೂ ಖಚಿತವಾಗಿ ಹೇಳುತ್ತಿದ್ದಳು: "ಏನು ಮಾಡಿದ್ರೂ ಹೋಗಲ್ಲ."

ಅಷ್ಟು ಕೇಳಿದರೆ ತಂಗಿಗೆ ಸಾಕಾಗುತ್ತಿತ್ತು. ಕಣ್ಣು ಮುಚ್ಚಿ ಮಲಗುತ್ತಿದ್ದಳು.

ಕರೆಯಕ್ಕ ಅದನ್ನು ಗಿಣಿಗೆ ಹೇಳಿದಳು. ನೆನಪಿನಲ್ಲಿ ಬಂದದ್ದು ಮಾತು ಮಾತ್ರ. ಆ ಮಾತಿಗೆ ದನಿ ಇರಲಿಲ್ಲ, ತಂಗಿಯದೂ ಇಲ್ಲ, ನಟಿಯದೂ ಇಲ್ಲ. ತಂಗಿ ಗೋಡೆಯ ಕರೆಯ ಬಗ್ಗೆ ಕೇಳಿದ್ದಳೇ? ಅಥವಾ ತಾನು ಹೋದ ಮೇಲೂ ತಮ್ಮ ಮನೆಯ ಎರಡು ಕೋಣೆಗಳಲ್ಲಿ ತನ್ನ ಕೂಗೊಂದು ಉಳಿದೀತೇ ಎಂದು, ತಿಳಿಯದ ಅಕ್ಕನಿಂದ ವರ್ಷಗಟ್ಟಲೆ ಮಾತು ಪಡೆಯುತ್ತಿದ್ದಳೇ?

ಗಿಣಿ ಮೊದಲ ಬಾರಿಗೆ ನಗದೆ ಕೇಳಿದಳು. "ಹಾಗಾದ್ರೆ ನಿನ್ನ ತಂಗಿ ಯಾವ ಕರೆ ಅಂದ್ಕೊಂಡಿದ್ಳು ಅಕ್ಕ?"

ಯಾವ ಕರೆಯನ್ನು ಮುಂದಿಟ್ಟರೂ ಇದು ಇಂಥದ್ದು, ಇಂಥದ್ದರಿಂದ ಆದದ್ದು ಎಂದು ತಡವರಿಸದೆ ಹೇಳುತ್ತಿದ್ದವಳು ಪುಸ್ತಕವನ್ನು ಮಡಿಲಲ್ಲಿ ಕವುಚಿಟ್ಟಳು. ಆಚೆ ಯಂತ್ರಗಳು ಮತ್ತೆ ತಿರುಗತೊಡಗಿದ್ದವು.

"ನಾನು ಕೇಳಲೇ ಇಲ್ಲ ಕಣೆ," ಎಂದಳು.