ಬಾಗಿಲ ಹಿಂದೆ ಉಂಡವಳು

ನಮ್ಮಕ್ಕ ಸಣ್ಣತಾಯಮ್ಮನ ಹೊಟ್ಟೆ ದೊಡ್ಡದು. ಬೈಗುಳವಾಗಿ ಬರೆಯುತ್ತಿಲ್ಲ. ಇದ್ದದ್ದು ಬರೆಯುತ್ತಿದ್ದೇನೆ.

ಅವಳು ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣ ಲಿಂಗಯ್ಯನವರ ಹೆಂಡತಿ. ಕೊತ್ತತ್ತಿಯಲ್ಲಿ ಒಂದೇ ಮನೆಯಲ್ಲಿದ್ದೇವೆ. ನಾನು ಆ ಮನೆಗೆ ಕಾಲಿಡುವ ಹೊತ್ತಿಗೆ ಅವಳಿಗೆ ಹೆಸರು ಬಿದ್ದಾಗಿತ್ತು. ಮದುವೆಯ ಹೊಸದರಲ್ಲಿ ಬೀಗರ ಮುಂದೆ ಮೂರನೇ ಮುದ್ದೆ ಕೇಳಿದಳಂತೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತಂತೆ. ನಮ್ಮತ್ತೆ ಅವತ್ತು ಶುರು ಮಾಡಿದವರು ಸಾಯುವ ತನಕ ಬಿಡಲಿಲ್ಲ. "ಇದು ಒಟ್ಟೆಯೋ, ರಾಗಿ ತುಂಬೋ ವಾಡೆಯೋ?"

ಭಾವ ಒಳ್ಳೆಯವರು. ಆದರೆ ಜನ ನಗುವುದಕ್ಕೆ ಹೆದರುತ್ತಾರೆ. ಯಾರ ಮನೆಗೆ ಊಟಕ್ಕೆ ಹೋದರೂ ಹೊಸಲು ದಾಟುವ ಮೊದಲೇ ಹೇಳುತ್ತಿದ್ದರು, "ಎಲ್ಡ್ನೇ ಸಲ ಇಕ್ಕುಸ್ಕಬ್ಯಾಡ ಕಣೆ." ಅಕ್ಕ ಇಕ್ಕಿಸಿಕೊಳ್ಳುತ್ತಿರಲಿಲ್ಲ. ಮನೆಗೆ ಬಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಿನ್ನುತ್ತಿದ್ದಳು. ಕಬ್ಬಿನ ಗದ್ದೆಯಲ್ಲಿ ಗಂಡಸರ ಸಮ ದುಡಿಯುವವಳು. ಹಸಿಯದೆ ಇನ್ನೇನಾಗುತ್ತದೆ? ಅತ್ತೆಯ ಊರುಗೋಲಿನ ಸದ್ದು ಹತ್ತಿರ ಬರುವಷ್ಟರಲ್ಲಿ ಮುದ್ದೆ ಒಳಗೆ ಇಳಿದಿರಬೇಕು. ತಟ್ಟೆ ಸದ್ದು ಮಾಡಬಾರದು. ನೀರು ಕುಡಿಯಲು ಹೊತ್ತಿಲ್ಲ. ತೇಗಬಾರದು. ನಾನು ಕಾವಲು ನಿಲ್ಲುತ್ತಿದ್ದೆ. ಅತ್ತೆ ಹೋಗಿ ಬಹಳ ವರ್ಷವಾಯಿತು. ಅಕ್ಕ ಆಮೇಲೂ ಅಲ್ಲೇ ನಿಂತು ತಿನ್ನುತ್ತಿದ್ದಳು.

ಒಮ್ಮೆ ಕಳೆ ಕೀಳುತ್ತಾ ಹೇಳಿದ್ದಳು: "ಸಾಯೋದ್ರೊಳ್ಗೆ ಒಂದ್ಸಲ ನಾಲ್ಕ್ ಜನದ್ ಮುಂದೆ ಕುಂತು ಒಟ್ಟೆ ತುಂಬ ಉಣ್ಬೇಕು ಕಣಮ್ಮಿ. ತಲೆ ಎತ್ಕಂಡು." ಅವಳು ಬೇರೆ ಏನನ್ನೂ ಬಯಸಿದ್ದು ನಾನು ಕೇಳಿಲ್ಲ.

ನಮ್ಮೆಜಮಾನರು ತೀರಿಕೊಂಡ ಮೇಲೆ ನಾನು ಊರು ಬಿಟ್ಟು ಹೊರಟಿರಲಿಲ್ಲ. ವರ್ಷದ ತಿಥಿ ಆಯಿತು. ಅದಾದ ಮೇಲೆ ಒಂದು ಭಾನುವಾರ ಅಕ್ಕ ಬಂದು ನನ್ನ ಸೀರೆ ತೆಗೆದು ಮಂಚದ ಮೇಲೆ ಎಸೆದಳು.

"ಏಳು ಮ್ಯಾಕೆ. ವಾಜಿದ್‌ಗೆ ವ್ಯಾನ್ ತರಾಕ್ ಯೋಳಿವ್ನಿ. ಮದ್ದೂರು, ಕೊಕ್ಕರೆ ಬೆಳ್ಳೂರು, ಗಗನಚುಕ್ಕಿ. ಎಲ್ಲಾ ಇವತ್ತೇ."

"ನಾನು ಬರಲ್ಲ ಕಣಕ್ಕ."

"ನಿನ್ ಗಂಡ ಓದ. ನೀನೂ ಓದ್ಯಾ?"

ಅಷ್ಟು ನೇರವಾಗಿ ಯಾರೂ ಮಾತಾಡಿರಲಿಲ್ಲ. ಎಲ್ಲರೂ ಪಾಪ ಪಾಪ ಅನ್ನುತ್ತಿದ್ದರು. ಎದ್ದು ಸೀರೆ ಉಟ್ಟೆ.

ವ್ಯಾನ್ ಓಡಿಸುವವನು ನಮ್ಮೂರ ಹುಡುಗ ವಾಜಿದ್. ಭಾವ ಮುಂದಿನ ಸೀಟಿನಲ್ಲಿ, ನಾವಿಬ್ಬರು ಹಿಂದೆ. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದೆವು. ಬಿಸಿ ವಡೆ, ಅಂಚು ಗರಿಗರಿ, ಬಾಯಿ ತುಂಬ ಈರುಳ್ಳಿ. ಭಾವನ ಎದುರು ಅಕ್ಕ ಒಂದು ತಿಂದು ಕೈ ಒರೆಸಿಕೊಂಡಳು. ಆಮೇಲೆ ಪೊಟ್ಟಣ ಕಟ್ಟಿಸಿಕೊಂಡು ವ್ಯಾನಿನಲ್ಲಿ ಸೀಟಿನ ಹಿಂದೆ ಬಗ್ಗಿ ಇನ್ನೂ ಮೂರು ತಿಂದಳು.

"ದೊಡ್ಡವ್ವ, ಕನ್ನಡೀಲಿ ಎಲ್ಲಾ ಕಾಣ್ತದೆ," ಅಂದ ವಾಜಿದ್. "ನಿಧಾನುಕ್ ತಿನ್ನಿ, ನಾನೇನ್ ಕಿತ್ಕಳಲ್ಲ."

"ರೋಡ್ ನೋಡ್ಕಂಡ್ ಓಡ್ಸ್ಲಾ."

ಶಿವಪುರದ ಸತ್ಯಾಗ್ರಹ ಸೌಧಕ್ಕೂ ಹೋದೆವು. ಬ್ರಿಟಿಷರ ಕಾಲದಲ್ಲಿ ಸರ್ಕಾರ ಬೇಡ ಅಂದರೂ ಜನ ಸೇರಿ ಬಾವುಟ ಹಾರಿಸಿದ ಜಾಗ. ಭಾವ ಚಪ್ಪಲಿ ಬಿಟ್ಟು ಕೈ ಮುಗಿದರು. ಅಕ್ಕ ಸುತ್ತಲೂ ನೋಡಿ ಕೇಳಿದಳು, "ಅಷ್ಟೊಂದ್ ಜನ ಸೇರಿದ್ರಲ್ಲ, ಮುದ್ದೆ ತೊಳ್ಸಿ ಇಕ್ಕಿದೋರ್ ಯಾರು?" ಯಾರಿಗೂ ಗೊತ್ತಿರಲಿಲ್ಲ. ಭಾವನಿಗೆ ಸಿಟ್ಟು ಬಂತು. ನನಗೆ ಅದು ಸರಿಯಾದ ಪ್ರಶ್ನೆ ಅನ್ನಿಸಿತು.

ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಕಾಡಿನಲ್ಲಿಲ್ಲ, ಮನೆಗಳ ಮಧ್ಯೆ ಇವೆ. ಹುಣಸೆ ಮರದ ತುಂಬ ಗೂಡು. ಬಣ್ಣದ ಕೊಕ್ಕರೆ, ದೊಡ್ಡ ಚೀಲದ ಕೊಕ್ಕಿನ ಹೆಜ್ಜಾರ್ಲೆ. ಕೆಳಗೆ ಒಬ್ಬಾಕೆ ಪಾತ್ರೆ ಉಜ್ಜುತ್ತಿದ್ದಳು. "ನಮ್ಮೆಣ್ಮಕ್ಳು ಬಾಣಂತನಕ್ ಬಂದವೆ, ಗಲಾಟೆ ಮಾಡ್ಬ್ಯಾಡಿ," ಅಂದಳು. ಒಂದು ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನೊಳಗೆ ತಲೆಯನ್ನೇ ತೂರಿಸಿ ಮೀನು ನುಂಗುತ್ತಿತ್ತು. ಸಾಲದೆಂದು ಅರಚುತ್ತಿತ್ತು.

"ನೋಡಮ್ಮಿ," ಅಂದಳು ಅಕ್ಕ. "ಎಷ್ಟ್ ಕೇಳುದ್ರೂ ಬೈಯೋರಿಲ್ಲ."

ನಮ್ಮೆಜಮಾನರು ಒಂದು ಸಲ ಇಲ್ಲಿಗೆ ಬಂದಿದ್ದರು, ನನ್ನನ್ನು ಬಿಟ್ಟು. ಅಂಗಿ ಮೇಲೆಲ್ಲ ಹಿಕ್ಕೆ ಹಾಕಿಸಿಕೊಂಡು ಬಂದಿದ್ದರು. ಒಗೆದವಳು ನಾನು. ಈಗ ಮರ ನೋಡಿದೆ. ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಅಲ್ಲಿಂದ ಮಳವಳ್ಳಿ ದಾರಿ ಹಿಡಿದೆವು. ಮಧ್ಯಾಹ್ನ ಒಂದು ಊರ ಮುಂದೆ ರಸ್ತೆ ತುಂಬ ಜನ. ಶಾಮಿಯಾನ, ಮೈಕು. ಊರಿನ ಹುಡುಗರು ಮುದ್ದೆ ಉಣ್ಣುವ ಸ್ಪರ್ಧೆ ಇಟ್ಟಿದ್ದರು. ರಾಗಿ ಮುದ್ದೆ, ನಾಟಿ ಕೋಳಿ ಸಾರು. ಹೆಚ್ಚು ಉಂಡವರಿಗೆ ಟಗರು. ಮೈಕಿನವನು ಕೂಗುತ್ತಿದ್ದ, "ಎಂಗಸ್ರೂ ಬರ್ಬೋದು! ಯಾರೂ ಇಲ್ವಾ? ಎಲ್ಲಾ ಡಯಟ್ಟಾ?" ಜನ ನಕ್ಕರು.

"ವಾಜಿದಾ, ನಿಲ್ಸ್ಲಾ," ಅಂದಳು ಅಕ್ಕ.

ಭಾವ ತಿರುಗಿದರು. "ಯಾಕೆ?"

"ಉಣ್ಣಾಕ್ ಕರೀತಾವ್ರೆ."

"ಬುದ್ಧಿ ಐತಾ ನಿಂಗೆ? ಇಷ್ಟ್ ವರ್ಸ ಕಾಪಾಡ್ಕಂಡ್ ಬಂದ ಮಾನಾನ ರೋಡ್ನಲ್ ಚೆಲ್ಬುಡ್ತೀಯಾ? ನೀನಿಳುದ್ರೆ ನಾನ್ ಮನೆಗೋಯ್ತೀನಿ."

"ಓಗು. ಬಸ್ಸೈತೆ."

ಇಳಿದೇ ಬಿಟ್ಟಳು. ಭಾವ ಗಾಜು ಏರಿಸಿಕೊಂಡು ಒಳಗೇ ಕೂತರು. ನಾನು ಅಕ್ಕನ ಹಿಂದೆ ಓಡಿದೆ. "ಅಕ್ಕ, ನಾಲ್ಕು ವಡೆ ತಿಂದಿದ್ದೀಯ!"

"ಅದು ಬೆಳ್ಗೆ."

ಉದ್ದ ಮೇಜು, ಎಲೆ, ಹತ್ತು ಹನ್ನೆರಡು ಗಂಡಸರು. ಕೊನೆಯ ಕುರ್ಚಿಯಲ್ಲಿ ಅಕ್ಕ. ಪಕ್ಕದಲ್ಲಿ ಹೋದ ವರ್ಷ ಗೆದ್ದವನು, ಚಿಕ್ಕರಸಿನಕೆರೆಯವನು. ಕತ್ತು ಕಂಬದಂತಿತ್ತು.

"ಅಜ್ಜಿ, ಜ್ವಾಪಾನ. ಗಂಟ್ಲಿಗ್ ಸಿಕ್ಕಂಡಾತು."

"ನಿಂಗ್ ಸಿಕ್ಕಂಡ್ರೆ ಬೆನ್ನಿಗ್ ಗುದ್ತೀನಿ ಬುಡು ಮಗ."

ಶಿಳ್ಳೆ ಊದಿದರು. ಗಂಡಸರು ಮುದ್ದೆಯ ಮೇಲೆ ಮುಗಿಬಿದ್ದರು. ಮುದ್ದೆ ಬಿಸಿ. ಬೆರಳು ಸುಟ್ಟಿತು, ಬಾಯಿ ಸುಟ್ಟಿತು, ಚೊಂಬುಗಟ್ಟಲೆ ನೀರು ಕುಡಿದರು. ಅಲ್ಲಿಗೆ ಹೊಟ್ಟೆ ತುಂಬಿತು. ಒಬ್ಬೊಬ್ಬರೇ ಎದ್ದರು. ಅಕ್ಕ ನೀರು ಮುಟ್ಟಲಿಲ್ಲ. ಮುರಿದಳು, ಉರುಟು ಮಾಡಿದಳು, ಸಾರಲ್ಲಿ ಹೊರಳಿಸಿದಳು, ನುಂಗಿದಳು. ಬಾಗಿಲ ಹಿಂದೆ ಹೇಗೋ ಹಾಗೆ. ತಲೆ ಎತ್ತಿರಲಿಲ್ಲ.

ಕೊನೆಗೆ ಉಳಿದವರು ಇಬ್ಬರೇ. ಅವಳು, ಆ ಚಿಕ್ಕರಸಿನಕೆರೆಯವನು. ಜನ ಮೇಜಿನ ಸುತ್ತ ನುಗ್ಗಿದರು. ಕೂಗಾಟ ಹೆಚ್ಚಾಯಿತು. ಆಗ ಅಕ್ಕ ತಲೆ ಎತ್ತಿದಳು. ಅಷ್ಟು ಕಣ್ಣು ನೋಡಿದಳು. ಕೈ ನಿಂತುಹೋಯಿತು.

ಹೊಟ್ಟೆ ತುಂಬಿ ನಿಂತದ್ದಲ್ಲ. ನನಗೆ ಗೊತ್ತು. ಯಾರೋ ಹಿಂದಿನಿಂದ "ಅಜ್ಜಿಗ್ ಸಾಕಾಯ್ತು" ಅಂದ. ಪಕ್ಕದವನು ಇನ್ನೊಂದು ತುತ್ತು ಮುರಿದ.

ನಾನು ಜನರನ್ನು ತಳ್ಳಿಕೊಂಡು ಹೋಗಿ ಅವಳ ಮುಂದೆ ಬೆನ್ನು ಕೊಟ್ಟು ನಿಂತೆ. ಸೆರಗು ಅಗಲ ಮಾಡಿ ಹಿಡಿದೆ. ಯಾರಿಗೂ ಕಾಣಬಾರದು, ಅವಳು ಉಣ್ಣಲಿ ಅಂತ.

ಹಿಂದಿನಿಂದ ಸೊಂಟಕ್ಕೆ ತಿವಿದಳು.

"ಆಚೀಕ್ ಸರ್ಕಳಮ್ಮಿ."

"ಅಕ್ಕ..."

"ಸರ್ಕೊ. ನೋಡ್ಲಿ."

ಸರಿದೆ. ಅಕ್ಕ ಬೆನ್ನು ನೆಟ್ಟಗೆ ಮಾಡಿ, ಎದುರು ನಿಂತವರ ಮುಖ ನೋಡುತ್ತಾ ನುಂಗಿದಳು. ಇಡೀ ಒಂದು ಮುದ್ದೆ ಮುಗಿಸಿ ಎಲೆ ತಟ್ಟಿದಳು. "ಇಕ್ಕು." ಅದೂ ಮುಗಿಯಿತು. "ಇಕ್ಕು." ಚಿಕ್ಕರಸಿನಕೆರೆಯವನು ಕೈಯಲ್ಲಿದ್ದ ತುತ್ತನ್ನು ನೋಡಿದ. ಅಕ್ಕನನ್ನು ನೋಡಿದ. ತುತ್ತು ಕೆಳಗಿಟ್ಟು ಎರಡೂ ಕೈ ಎತ್ತಿದ. ಆಮೇಲೆ ಬಗ್ಗಿ ಅವಳ ಕಾಲು ಮುಟ್ಟಿದ. "ಸೋತೆ ಕಣವ್ವ."

ತಮಟೆ ಬಡಿದರು. ನಮ್ಮೆಜಮಾನರಿದ್ದಿದ್ದರೆ ಶಿಳ್ಳೆ ಹೊಡೆಯುತ್ತಿದ್ದರು. ನನಗೆ ಶಿಳ್ಳೆ ಬರುವುದಿಲ್ಲ. ಕೂಗಿದೆ. ಒಂದು ವರ್ಷದಿಂದ ನನ್ನ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಹೊರಟಿರಲಿಲ್ಲ.

ಮೈಕಿನವನು ಅಕ್ಕನ ಬಾಯಿಗೆ ಮೈಕು ಹಿಡಿದ. "ಅವ್ವ, ಯಾವೂರು? ಯಾರ್ ಮನ್ಯೋರು?" ಅಕ್ಕನ ಬಾಯಲ್ಲಿ ಇನ್ನೂ ತುತ್ತಿತ್ತು. ಜನರ ಹಿಂದಿನಿಂದ ಬೇರೊಂದು ದನಿ ಬಂತು.

"ನಮ್ಮನ್ಯೋಳು! ಕೊತ್ತತ್ತಿ ಲಿಂಗಯ್ಯನ್ ಎಂಡ್ರು!"

ಭಾವ. ಯಾವಾಗ ವ್ಯಾನು ಇಳಿದರೋ. ಜನ ತಿರುಗಿ ನೋಡಿದರು, ಕೆಲವರು ನಕ್ಕರು. ಭಾವ ತಲೆ ತಗ್ಗಿಸಲಿಲ್ಲ. ಟಗರಿನ ಹಗ್ಗವನ್ನು ಅವರೇ ಹಿಡಿದುಕೊಂಡರು.

"ಇದು ನನ್ ಗಾಡೀಲಾ?" ಅಂದ ವಾಜಿದ್. "ಹಿಕ್ಕೆ ಹಾಕುದ್ರೆ ತೊಳ್ಯೋರ್ ಯಾರು?"

"ನಾನ್ ತೊಳೀತೀನಿ, ಬಾಯ್ ಮುಚ್ಚಲಾ," ಅಂದರು ಭಾವ.

ಗಗನಚುಕ್ಕಿಗೆ ಹೊತ್ತು ಮೀರಿತು. ಊರವರು ಬಿಡಲಿಲ್ಲ, ಬಂದವರಿಗೆಲ್ಲ ಊಟಕ್ಕೆ ಪಂಕ್ತಿ ಹಾಕಿದರು. ಮೊದಲ ಪಂಕ್ತಿಯಲ್ಲಿ ಗಂಡಸರ ಸಾಲಿನಲ್ಲಿ ಭಾವ ಕೂತು, ಪಕ್ಕದ ಎಲೆಯ ಮುಂದೆ ಟವಲು ಹಾಕಿ ಜಾಗ ಹಿಡಿದರು. "ಬಾಮ್ಮಿ, ಕುಂತ್ಕೊ," ಅಂದರು. ಅಕ್ಕ ಹೋಗಿ ಕೂತಳು. ಬಡಿಸುವವನು ಅವಳ ಎಲೆ ಹತ್ತಿರ ಬಂದು ಹೆದರಿ ನಿಂತ.

"ಮುದ್ದೆ ಬ್ಯಾಡಪ್ಪ. ಒಸಿ ಅನ್ನ ಇಕ್ಕು. ಕೊನೇಗೆ ಅನ್ನ ಬೀಳ್ದೆ ನಂಗೆ ಉಂಡಂಗಾಗಲ್ಲ."

ಆ ಅನ್ನವನ್ನು ನುಂಗಲಿಲ್ಲ. ಅಗಿದು ಅಗಿದು ಉಂಡಳು. ಮೂಳೆ ಚೀಪಿದಳು. ಎದುರು ಕೂತವರ ಜತೆ ಕೋಳಿಯ ಮಾತಾಡಿದಳು. ಎಲ್ಲರೂ ಉಂಡು ಎದ್ದರು, ಎಲೆ ತೆಗೆಯುವವರು ಬಂದರು. ಅಕ್ಕ ಇನ್ನೂ ಉಣ್ಣುತ್ತಿದ್ದಳು. ಭಾವ ತಮ್ಮ ಎಲೆಯ ಮುಂದೆ ಒಣಗಿದ ಎಂಜಲು ಕೈ ಇಟ್ಟುಕೊಂಡು ಕೂತೇ ಇದ್ದರು. ಅವಳು ಏಳುವ ತನಕ ಏಳಲಿಲ್ಲ.