ಬೊಮ್ಮತ್ತೆ ತನಗೆಂದು ಇಟ್ಟ ಸೌದೆ

ಸೌದೆಗೂ ವಾರ್ನಿಷ್ ಬಳಿಯುತ್ತಾರೆಂದು ನನಗೆ ಮೊನ್ನೆಯವರೆಗೆ ಗೊತ್ತಿರಲಿಲ್ಲ. ದಿಂಡಿಗಲ್ಲಿನ ಬೈಪಾಸ್ ರಸ್ತೆಯ ಬಿರಿಯಾನಿ ಹೋಟೆಲೊಂದರ ಬಾಗಿಲ ಪಕ್ಕ ಎದೆಯೆತ್ತರ ಪೇರಿಸಿಟ್ಟಿದ್ದ ಸೌದೆಗೆ ಮೂಗು ಹತ್ತಿರ ತಂದೆ. ಹೊಸ ಕುರ್ಚಿಯ ವಾಸನೆ ಬಂತು. ನಾನು ಹುಡುಕಿಕೊಂಡು ಹೋದದ್ದು ಬೇರೆಯದೇ ವಾಸನೆಯನ್ನು. ಮಾವಿನ ದಿಮ್ಮಿಯನ್ನು ಸೀಳಿದ ಗಳಿಗೆಯಲ್ಲಿ ಮೇಲೇಳುವ, ಸೊನೆಯೂ ಹುಳಿಹಿಟ್ಟೂ ಬೆರೆತಂಥ ವಾಸನೆ ಅದು. ಅದರಲ್ಲೇ ನಾನು ಬೆಳೆದೆ. ನನ್ನ ಜಡೆ, ಪುಸ್ತಕ, ಮಧ್ಯಾಹ್ನದ ಬುತ್ತಿ ಎಲ್ಲಕ್ಕೂ ಅದು ಅಂಟಿಕೊಂಡಿತ್ತು. ಶಾಲೆಯಲ್ಲಿ ಪಕ್ಕ ಕೂರುವವಳು ಮೂಗು ಮುರಿಯುತ್ತಿದ್ದಳು. ಆಗ ನಾಚಿಕೆಯಾಗುತ್ತಿತ್ತು. ಈಗ ಆ ವಾಸನೆ ಎಲ್ಲಿಯಾದರೂ ಒಂದು ಉಸಿರಿನಷ್ಟು ಸಿಕ್ಕರೆ ಸಾಕು ಅನ್ನಿಸುತ್ತದೆ, ಸಿಗುವುದಿಲ್ಲ.

ತಮಿಳುನಾಡಿನ ಕಂಬಂ ಕಣಿವೆಯ ಹನುಮಂತನಪಟ್ಟಿಯಲ್ಲಿ, ಊರು ಮುಗಿದು ದ್ರಾಕ್ಷಿ ಚಪ್ಪರಗಳು ಶುರುವಾಗುವಲ್ಲಿ, ಬಾಡಿಗೆ ಜಾಗದಲ್ಲಿ ನಮ್ಮ ಸೌದೆ ಮಂಡಿ ಇತ್ತು. ನಡೆಸುತ್ತಿದ್ದವಳು ಅಪ್ಪನ ಅಕ್ಕ ಬೊಮ್ಮತ್ತೆ. ಗಂಡ ಸತ್ತು, ಮಕ್ಕಳಿಲ್ಲದೆ ತವರಿಗೆ ಬಂದವಳು ತಮ್ಮನ ಮನೆಯಲ್ಲಿ ಕೂತು ಉಣ್ಣಲಾರೆನೆಂದು ಮಂಡಿ ಹಾಕಿದಳಂತೆ. ಪೆರಿಯಕುಳಂ ಕಡೆಯ ತೋಪುಗಳಲ್ಲಿ ಕಾಯಿ ಬಿಡುವುದು ನಿಂತ ಮುದಿ ಮಾವಿನ ಮರಗಳು ಲಾರಿಯಲ್ಲಿ ಬಂದು ಇಳಿಯುತ್ತಿದ್ದವು. ಮುತ್ತಯ್ಯಣ್ಣ ಎಂಬಾತ ಕೊಡಲಿಯಿಂದ ಸೀಳುತ್ತಿದ್ದ. ಅತ್ತೆ ಸೀಳುಗಳನ್ನು ಗಾಳಿಯಾಡುವಂತೆ ಅಡ್ಡ ಒಂದು ಸಾಲು, ಉದ್ದ ಒಂದು ಸಾಲು ಇಟ್ಟು ಅಟ್ಟಿ ಕಟ್ಟುತ್ತಿದ್ದಳು. ಟೀ ಅಂಗಡಿಯವರು, ಮದುವೆ ಅಡುಗೆಯವರು, ಬರೀ ಒಂದು ಹೊರೆ ಕೇಳುವ ಹೆಂಗಸರು ಬರುತ್ತಿದ್ದರು. ಅವರೊಂದಿಗೆ ತಮಿಳು, ನಮ್ಮೊಂದಿಗೆ ಮನೆಯ ಕನ್ನಡ. ಒಂದೇ ಉಸಿರಿನಲ್ಲಿ ಎರಡನ್ನೂ ಆಡುತ್ತಿದ್ದಳು. ಒಣಗಿದೆಯೋ ಎಂದು ಯಾರಾದರೂ ಅನುಮಾನಿಸಿದರೆ ಎರಡು ಸೀಳು ತೆಗೆದು ಒಂದಕ್ಕೊಂದು ಬಡಿಯುವಳು. ಹಸಿಯಿದ್ದರೆ ದಪ್ ಎನ್ನುತ್ತದೆ, ಒಣಗಿದ್ದರೆ ಟಣ್ ಎನ್ನುತ್ತದೆ. ಅತ್ತೆಯ ಮಂಡಿಯಿಂದ ದಪ್ ಎನ್ನುವ ಸೌದೆ ಹೊರಗೆ ಹೋಗುತ್ತಿರಲಿಲ್ಲ.

ಮಂಡಿಯ ಹಿಂದೆ, ತಗಡಿನ ಮಾಡಿನ ಕೆಳಗೆ ಒಂದು ಅಟ್ಟಿಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಒಳ್ಳೆಯ ಮಾವು, ಗಂಟಿಲ್ಲದ ಸೀಳುಗಳು. ನಾನೊಮ್ಮೆ ಗೊಂಬೆಯ ಮನೆ ಕಟ್ಟಲು ಅದರಿಂದ ಒಂದನ್ನು ಎಳೆದಾಗ ಅತ್ತೆ ಬಂದು ಕೈ ಹಿಡಿದಳು. ಸಿಟ್ಟೇನೂ ಇರಲಿಲ್ಲ, ಮುದ್ದಿನಿಂದ ‘ಕಣ್ಣು’ ಎಂದೇ ಕರೆದಳು.

“ಇದ ಬೇಡ ಕಣ್ಣು, ಇದ ನನ್ದು. ನಾ ಹೋಗಾಗ ನನ್ ಸುಡಾಕೆ. ಊರಿಗೆಲ್ಲ ಸೌದೆ ಮಾರ್ದೋಳು ನಾನು. ನಿಮ್ಮಪ್ಪ ಇನ್ನೊಬ್ರ ಕಡೈಲಿ ಬೆಲೆ ಪೇಸ್ಕೊಂಡು ನಿಲ್ಲಕೂಡ್ದು.”

ತನ್ನ ಚಿತೆಯ ಸೌದೆಗೆ ಅಪ್ಪ ಬೇರೆಯವರ ಅಂಗಡಿಯಲ್ಲಿ ಚೌಕಾಸಿ ಮಾಡುತ್ತ ನಿಲ್ಲಬಾರದೆಂಬುದನ್ನು ಒಲೆಯ ಮೇಲೆ ಎಸರಿಡುವ ಮಾತಿನಷ್ಟೇ ಸಾದಾ ಆಗಿ ಹೇಳಿದಳು. ನಾನು ಹೆದರಲಿಲ್ಲ, ಅತ್ತೆಯ ಸೀರೆಗಳಿರುವ ಪೆಟ್ಟಿಗೆಯ ಹಾಗೆ ಅದೂ ಅತ್ತೆಯದೊಂದು ವಸ್ತು ಅಂದುಕೊಂಡೆ. ಗತಿಯಿಲ್ಲದವರ ಮನೆಯಲ್ಲಿ ಸಾವಾದಾಗ ಅದೇ ಅಟ್ಟಿಯನ್ನು ಎತ್ತಿ ಕೊಟ್ಟುಬಿಡುತ್ತಿದ್ದಳು. ಆಮೇಲೆ ಬಂದ ಲಾರಿಯಲ್ಲಿ ಒಳ್ಳೆಯ ದಿಮ್ಮಿಯನ್ನೇ ಆರಿಸಿ ಮತ್ತೆ ಕಟ್ಟುವಳು. “ಈಗ ನೀನು ಸಾಯಂಗಿಲ್ಲ ಅಕ್ಕಾ, ಸೌದೆ ಹಸಿ” ಎಂದು ಅಪ್ಪ ಛೇಡಿಸಿದರೆ, “ಒಣಗಾಗಂಟ ಇರ್ತೀನಿ ಬಿಡು” ಎನ್ನುತ್ತಿದ್ದಳು.

ಮೊದಲು ಮನೆಗಳಿಗೆ ಗ್ಯಾಸ್ ಬಂತು, ಆಮೇಲೆ ಟೀ ಅಂಗಡಿಗಳಿಗೆ, ಕೊನೆಗೆ ಮದುವೆ ಅಡುಗೆಯವರಿಗೂ. ಸುಣ್ಣ ಬಳಿದ ಗೋಡೆ ಹೊಗೆಯಿಂದ ಕೆಡುತ್ತದೆಂದು ಕಲ್ಯಾಣಮಂಟಪದವರು ಸೌದೆಯನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು. ತೋಪುಗಳಲ್ಲಿ ಮರಗಳು ಮುಗಿದು ಸೈಟುಗಳ ಕಲ್ಲು ನೆಟ್ಟರು. ಮುತ್ತಯ್ಯಣ್ಣ ಒಡ್ಡನ್‌ಛತ್ರದ ತರಕಾರಿ ಮಾರ್ಕೆಟಿಗೆ ಮೂಟೆ ಹೊರಲು ಹೋದವನು ಅಲ್ಲೇ ತೀರಿಕೊಂಡ. ಆದರೂ ಅತ್ತೆ ದಿನಾ ಬೆಳಿಗ್ಗೆ ಮಂಡಿಯ ಮುಂದೆ ನೀರು ಚಿಮುಕಿಸಿ, ಯಾರೂ ಎತ್ತದ ಕೊಡಲಿಗೆ ಅರಿಶಿನ ಹಚ್ಚಿ ಕೂರುತ್ತಿದ್ದಳು. ನಾನು ಮದುವೆಯಾಗಿ ದಿಂಡಿಗಲ್ಲಿಗೆ ಬಂದ ಮೇಲೂ ಹೋದಾಗಲೆಲ್ಲ ಅವಳು ಅಲ್ಲೇ. ಕೊಳ್ಳುವವರಿಲ್ಲ. ಹಿಂದಿನ ಅಟ್ಟಿ ಮಾತ್ರ ಹುಳು ಬೀಳದೆ, ನೀರು ಸೋಕದೆ ನಿಂತಿತ್ತು. ಅದನ್ನು ಬಿಟ್ಟರೆ ಅವಳಿಗೆ ಆಸೆ ಅನ್ನುವುದೇ ಉಳಿದಿರಲಿಲ್ಲ.

ತೇನಿಯ ಆಸ್ಪತ್ರೆಯಲ್ಲಿ ಅತ್ತೆ ಹೋದಳು. ಊರಿಗೆ ತರುವ ಹೊತ್ತಿಗೆ ನೆಂಟರೆಲ್ಲ ಗಡಿಯಾರ ನೋಡುತ್ತಿದ್ದರು. ಗ್ಯಾಸಿನ ಮಸಣದಲ್ಲಿ ಒಂದು ತಾಸಿಗೆ ಬೂದಿ ಕೈಗೆ ಕೊಡುತ್ತಾರೆ ಎಂದು ಯಾರೋ ಹೇಳಿದರು. ನಾನು ಅಪ್ಪನನ್ನು ಪಕ್ಕಕ್ಕೆ ಕರೆದೆ.

“ಅತ್ತೆ ಸೌದೆ ಇದೆಯಲ್ಲಪ್ಪಾ.”

“ಇದೆ ಕಣ್ಣು. ಚಿತೆ ಅಡುಕೋರು ಯಾರು ಇದ್ದಾರೆ? ಮುತ್ತಯ್ಯನೂ ಇಲ್ಲ. ನನ್ಗ ಕೈ ನಡುಗ್ತದೆ.”

ಅಪ್ಪ ಅಳುತ್ತಿದ್ದ. ಸುತ್ತ ನಿಂತ ಹುಡುಗರಲ್ಲಿ ಒಬ್ಬನೂ ಚಿತೆ ಕಟ್ಟಿದ್ದನ್ನು ಕಂಡವನಲ್ಲ. ಹೆಂಗಸಾದ ನಾನು ಮನೆಯ ಬಾಗಿಲವರೆಗೆ ಮಾತ್ರ ಹೋದೆ. ಗ್ಯಾಸಿನ ಮಸಣಕ್ಕೆ ಹೊರಟ ವ್ಯಾನು ಮಂಡಿಯ ಮುಂದೆಯೇ ಹಾದು ಹೋಯಿತು. ಅಲ್ಲಿ ನಿಲ್ಲಿಸಿ ಎಂದು ಹೇಳಲು ಯಾರಿಗೂ ತೋಚಲಿಲ್ಲ, ಕಳಿಸುವಾಗ ನನಗೂ ತೋಚಲಿಲ್ಲ.

ಕರ್ಮ ಮುಗಿದ ಮೇಲೆ ಜಾಗದ ಯಜಮಾನ ಮಂಡಿ ಖಾಲಿ ಮಾಡಿ ಎಂದ. ಅಟ್ಟಿಯನ್ನು ಪುಕ್ಕಟೆ ಕೊಡುತ್ತೇವೆಂದರೂ ಊರಲ್ಲಿ ಯಾರೂ ಬರಲಿಲ್ಲ. ಹಾಕಲು ಒಲೆಯೇ ಇಲ್ಲ. ಕೊನೆಗೆ ದಿಂಡಿಗಲ್ಲಿನ ಈ ಹೋಟೆಲಿನವನು ಚಿಕ್ಕ ಲಾರಿ ತಂದ. ಸೀಳುಗಳನ್ನು ತಿರುಗಿಸಿ ನೋಡಿ, “ಪಾಕ್ಕ ಅಳಗಾ ಇರುಕ್ಕು” ಎಂದ. ನೋಡಲು ಚೆಂದವಾಗಿದೆಯಂತೆ. ಬಿರಿಯಾನಿಗೆ ಚೆನ್ನಾಗಿ ಉರಿಯುತ್ತದೆ ಎಂದು ಅಪ್ಪ ಹೆಮ್ಮೆಯಿಂದಲೇ ಹೇಳಿದ. ಅವನು ತಲೆಯಾಡಿಸಿದ. ಹೋಗಲಿ, ಅತ್ತೆಯ ಸೌದೆ ಹತ್ತು ಜನರ ಅನ್ನಕ್ಕಾದರೂ ಉರಿಯಲಿ ಎಂದು ನಾವಿಬ್ಬರೂ ಸಮಾಧಾನ ಮಾಡಿಕೊಂಡೆವು.

ಮೊನ್ನೆ ಆ ವಾಸನೆಯ ಜೊತೆ ಆ ಉರಿಯನ್ನೂ ನೋಡಲೆಂದು ಹೋಗಿದ್ದೆ. ಬಾಗಿಲ ಮೇಲೆ ‘ಸೌದೆ ಒಲೆ ಬಿರಿಯಾನಿ’ ಎಂದು ತಮಿಳಿನಲ್ಲಿ ದೊಡ್ಡ ಬೋರ್ಡು. ಒಳಗೆ ಅಡುಗೆಮನೆಯಲ್ಲಿ ಸಾಲು ಸಿಲಿಂಡರು, ಹಂಡೆಗಳ ಕೆಳಗೆ ಗ್ಯಾಸಿನ ನೀಲಿ ಉರಿ. ಅತ್ತೆಯನ್ನು ಸುಟ್ಟದ್ದೂ ಅಂಥದೇ ಉರಿ ಇರಬೇಕು. ಹೊರಗೆ ಬಂದು ಅತ್ತೆಯ ಅಟ್ಟಿಯ ಮೇಲಿನ ಎರಡು ಸೀಳು ತೆಗೆದು ಬಡಿದೆ. ಟಣ್ ಎಂದಿತು. ಬಾಗಿಲಲ್ಲಿ ಕೂತಿದ್ದ ವಾಚ್‌ಮನ್ ಎದ್ದು ಬಂದು, ಅದು ಅಲಂಕಾರಕ್ಕೆ ಇಟ್ಟದ್ದು, ಮುಟ್ಟಬಾರದು ಎಂದ. ಮೊದಲಿದ್ದಂತೆಯೇ ಅಡ್ಡ ಒಂದು, ಉದ್ದ ಒಂದು ಇಟ್ಟೆ. ಅಷ್ಟು ಚೆನ್ನಾಗಿ ಒಣಗಿದ ಸೌದೆಯನ್ನು ನಮ್ಮ ಮಂಡಿಯಲ್ಲೂ ನಾನು ಕಂಡಿರಲಿಲ್ಲ. ಒಂದು ಕಡ್ಡಿ ಗೀರಿದ್ದರೆ ಸಾಕಾಗಿತ್ತು.