ಸುಮತಿಯಮ್ಮನ ದೇವರ ಕೋಣೆ

ಉಪ್ಪಿನ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಕೇಳಿ ಸಂತೋಷಪಡುವ ಹೆಂಗಸನ್ನು ನಾನು ಕಂಡದ್ದು ಒಬ್ಬರನ್ನೇ. ಸುಮತಿಯಮ್ಮ. ಮಾಗಡಿಗೆ ಬಂದ ಮೊದಲ ಮಳೆಗಾಲದಲ್ಲಿ ನನ್ನನ್ನು ಕೂಗಿ ಕರೆದು ತೋರಿಸಿದ್ದರು. "ನೋಡಿ ಅಕ್ಕ, ಹೇಗೆ ಗಲಗಲ ಹೇಳ್ತದೆ. ನಮ್ಮಲ್ಲಿ ಈಗ ಇದು ನೀರಾಗಿ ಹರೀತಿತ್ತು." ಬೆಳಿಗ್ಗೆ ಒಗೆದ ಬಟ್ಟೆ ಮಧ್ಯಾಹ್ನಕ್ಕೆ ಒಣಗಿದರೆ ಬೀದಿಗೆಲ್ಲ ಹೇಳುವರು. ಹಪ್ಪಳ ಮೆತ್ತಗಾಗದಿದ್ದರೂ ಅವರಿಗೊಂದು ಸುದ್ದಿ. ಕಣ್ಣು ಕಾಣುತ್ತದೆ, ಕಾಲು ನಡೆಯುತ್ತದೆ ಎಂದು ದಿನವೂ ದೇವರ ಮುಂದೆ ಎಣಿಸಿ ಹೇಳುವ ನನಗೆ, ಒಣ ಉಪ್ಪನ್ನೂ ಅದರಲ್ಲಿ ಸೇರಿಸಬೇಕೆಂದು ತೋಚಿರಲಿಲ್ಲ.

ಮಂಗಳೂರಿನಲ್ಲಿ ಸಮುದ್ರದ ಪಕ್ಕ ಅವರದ್ದು ಎರಡು ಕೋಣೆಯ ಮನೆ. ಸುತ್ತ ದೊಡ್ಡ ಅಪಾರ್ಟ್‌ಮೆಂಟುಗಳೆದ್ದು, ಅಲ್ಲಿ ಸಂಸಾರ ನಡೆಸುವುದೇ ದುಬಾರಿಯಾಯಿತಂತೆ. ಅದನ್ನು ಮಾರಿ ಬಂದವರು, ಗುಡೇಮಾರನಹಳ್ಳಿ ರಸ್ತೆಯ ನಮ್ಮ ಬಡಾವಣೆಯಲ್ಲಿ, ನಮ್ಮ ಶೀಟಿನ ಮನೆಯ ಎದುರಿಗೇ ಮಹಡಿ ಮನೆ ಕೊಂಡರು. ಯಜಮಾನರು ಬಸ್ ನಿಲ್ದಾಣದ ಹತ್ತಿರ ಸಣ್ಣ ಹೋಟೆಲು ಇಟ್ಟರು.

ಮಹಡಿಗೆ ನಾನು ಹೊಟ್ಟೆ ಉರಿದುಕೊಳ್ಳಲಿಲ್ಲ. ಆ ಮನೆಯಲ್ಲಿ ದೇವರ ಕೋಣೆ ಇತ್ತು, ಅದಕ್ಕೆ ಉರಿದುಕೊಂಡೆ. ಗಂಟೆ ಕಟ್ಟಿದ ಬಾಗಿಲು, ಕಪ್ಪು ಕಲ್ಲಿನ ಕಟ್ಟೆ. ನನ್ನ ದೇವರುಗಳೋ ನಾನು ಮದುವೆಯಾಗಿ ಬಂದಾಗಿನಿಂದ ಅಡಿಗೆಮನೆಯ ಹಲಗೆಯ ಮೇಲೆ, ರಾಗಿ ಡ್ರಮ್ಮಿನ ಪಕ್ಕ, ಒಗ್ಗರಣೆ ಹೊಗೆ ಕುಡಿಯುತ್ತ ಕೂತಿದ್ದರು. ಸುಮತಿಯಮ್ಮ ಆ ಕೋಣೆಯಲ್ಲಿ ಇಟ್ಟಿದ್ದು ಕೊಡೆಗಳನ್ನು. ಕರಾವಳಿಯಿಂದ ತಂದ ಉದ್ದ ಹಿಡಿಯ ಕರಿ ಕೊಡೆಗಳು! ದೇವರ ಪಟಗಳು ಮಾತ್ರ ನಡುಮನೆಯ ಗೋಡೆಯಲ್ಲಿ. "ಅವರನ್ನ ಎಂತಕ್ಕೆ ಒಳಗೆ ಕೂಡಿಹಾಕುದು? ಇಲ್ಲಿದ್ರೆ ನಮ್ಮ ಮಾತು ಕೇಳ್ತಾ ಇರ್ತಾರೆ" ಎನ್ನುವರು.

ಒಂದು ಶ್ರಾವಣದಲ್ಲಿ ಮಳೆಗೆ ನಮ್ಮ ಅಡಿಗೆಮನೆಯ ಗೋಡೆ ಕುಸಿಯಿತು. ವರಮಹಾಲಕ್ಷ್ಮಿಯನ್ನು ಕೂರಿಸಲು ಜಾಗವಿಲ್ಲದೆ ಕಣ್ಣೀರು ಹಾಕುತ್ತಿದ್ದಾಗ ಅವರೇ ಕೊಡೆಗಳನ್ನೆಲ್ಲ ಮಹಡಿಗೆ ಸಾಗಿಸಿ, ಕೋಣೆ ತೊಳೆದು, ಬನ್ನಿ ಎಂದರು. ನನ್ನ ಕಳಶ, ನನ್ನ ಮದುವೆಯ ಸೀರೆ, ನಾನು ಕಟ್ಟಿದ ಹೂವು. ಬಾಗಿಲು ಮಾತ್ರ ಅವರದು. ಸಂಜೆ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಅವರ ಕೈಯನ್ನೇ ಹಿಡಿದರು. "ಏನ್ ಕಳೆ ಐತೆ ಸುಮತಮ್ಮಾರೆ ನಿಮ್ ಲಕ್ಷ್ಮಿಗೆ" ಎಂದಳು ಹಾಲು ಹಾಕುವ ಗೌರಮ್ಮ. ಸುಮತಿಯಮ್ಮ ನನ್ನತ್ತ ತೋರಿಸಿ, ಇದೆಲ್ಲ ಅಕ್ಕನದು ಎಂದರು, ಸುಳ್ಳು ಹೇಳಬಾರದು. ಹೆಂಗಸರು ಅದನ್ನೂ ಅವರ ದೊಡ್ಡಗುಣವೆಂದು ಮತ್ತಷ್ಟು ಹೊಗಳಿದರು.

ಮಾರನೆಯ ದಿನ ಆದದ್ದು ಇನ್ನೂ ಹೆಚ್ಚಿನದು. ಕಳಶ ಕದಲಿಸಿದ ಮೇಲೆ ಅದರ ನೀರನ್ನು ಪೂಜೆ ಮಾಡಿದವರ ಮನೆಯ ಮೂಲೆಮೂಲೆಗೂ ಚಿಮುಕಿಸಬೇಕು, ಕೆಳಗಿನ ಅಕ್ಕಿ ಅವರ ಅಕ್ಕಿ ಡಬ್ಬಿಗೇ ಸೇರಬೇಕು. ಲಕ್ಷ್ಮಿ ನೆಲೆ ನಿಲ್ಲುವುದು ಹಾಗೆ. ನಾನು ಕದಲಿಸಿ, ನಮ್ಮ ಮನೆಗೆ ಹೋಗಿ ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಸುಮತಿಯಮ್ಮ, ನನಗೆ ಕೆಲಸ ಕಡಿಮೆಯಾಗಲೆಂದು, ಮಾವಿನೆಲೆಯಲ್ಲಿ ನೀರನ್ನೆಲ್ಲ ತಮ್ಮ ಮನೆಗೇ ಚಿಮುಕಿಸಿ ಮುಗಿಸಿದ್ದರು. ಅಕ್ಕಿ ಅವರ ಕೆಂಪು ಕುಚ್ಚಲಕ್ಕಿಯೊಳಗೆ ಬೆರೆತುಹೋಗಿತ್ತು. ವಿಷಯ ತಿಳಿದ ಮೇಲೆ ಪಾಪ, ಬಿಳಿ ಕಾಳು ಆರಿಸಿಕೊಡುತ್ತೇನೆಂದು ಮೊರ ಹಿಡಿದು ಕೂತರು. ಬೇಡವೆಂದು ಬಂದುಬಿಟ್ಟೆ.

ಕಾರ್ತಿಕದೊಳಗೆ ಅವರ ಮಗಳಿಗೆ ಉಡುಪಿಯ ಕಡೆಯ ಒಳ್ಳೆಯ ಸಂಬಂಧ ಕುದುರಿತು. ಹೋಟೆಲಿನಲ್ಲಿ ನಿಲ್ಲಲು ಜಾಗವಿಲ್ಲ. ನಮ್ಮ ಗೋಡೆ ಇನ್ನೂ ಎದ್ದಿರಲಿಲ್ಲ. ನನ್ನ ಲಕ್ಷ್ಮಿ ಎದುರು ಮನೆಯಲ್ಲೇ ಉಳಿದುಬಿಟ್ಟಳು ಎಂದು ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದೆ. ನಮ್ಮ ಮನೆಯವರು, "ಅವ್ಳಿಗೂ ಒಸಿ ಗಾಳಿ ಬೆಳಕು ಬ್ಯಾಡ್ವೇನಮ್ಮಿ?" ಎಂದು ನಕ್ಕರು.

ಕೆಲವು ವರ್ಷಗಳ ಮೇಲೆ ಎದುರು ಮನೆಯ ಯಜಮಾನರಿಗೆ ಮಂಡಿನೋವು ಹೆಚ್ಚಾಗಿ, ಹೋಟೆಲು ಮುಚ್ಚಿ ಮಗಳ ಊರಿಗೆ ಹೊರಟರು. ಹಿಂದಿನ ದಿನ ಸುಮತಿಯಮ್ಮ ಬೀಗದ ಕೈ ಹಿಡಿದು ನಮ್ಮ ಹೊಸ್ತಿಲಲ್ಲಿ ನಿಂತರು. ಬಾಡಿಗೆಗೆ ನೀವೇ ಇರಿ, ಕೈಲಾದಷ್ಟು ಕೊಡಿ ಎಂದರು. ಆಮೇಲೆ ಸಣ್ಣಗೆ ನಕ್ಕರು. "ನಿಮ್ಮ ಲಕ್ಷ್ಮಿ ನಮ್ಮಲ್ಲಿದ್ದಾಳೆ ಅಂತ ಹೇಳಿದ್ರಂತೆ. ಅವಳನ್ನ ಎಲ್ಲಿ ಅಂತ ಹುಡುಕಿ ಕೊಡುದು ನಾನು? ನೀವೇ ಹೋಗಿ ಅವಳೊಟ್ಟಿಗೆ ಇರಿ ಅಕ್ಕ."

ಈಗ ನನ್ನ ದೇವರುಗಳು ಕಪ್ಪು ಕಲ್ಲಿನ ಕಟ್ಟೆಯ ಮೇಲಿದ್ದಾರೆ. ದೀಪ ಹಚ್ಚುವಾಗ ಸುಮತಿಯಮ್ಮನ ಹೆಸರೂ ಹೇಳಿ ಕೈ ಮುಗಿಯುತ್ತೇನೆ. ಆದರೂ ಹೋದ ಹಬ್ಬದ ಸಂಜೆ, ಬೀದಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು, ಸುಮತಿಯಮ್ಮನ ಮುಖವನ್ನೇ ಕಾಣದವಳು, ನನ್ನ ಬಾಗಿಲಲ್ಲೇ ನಿಂತು ಫೋನಿನಲ್ಲಿ ಅತ್ತೆಗೆ ಹೇಳುತ್ತಿದ್ದಳು: "ಸುಮತಮ್ಮಾರ್ ಮನೇಲಿವ್ನಿ ಕಣತ್ತೆ. ಕುಂಕುಮ ತಕಂಡು ಬಂದ್ಬುಡ್ತೀನಿ."